ಕವಾಟ

ಬೆಳಗಿನ ಜಾವ ಮೂರೂವರೆಗೆ
ಗೋಪಾಳದ ಮೂಲೆಯ ಗುಂಡಿಗಿಳಿದು
ನಾನು ಕೀಲಿ ತಿರುಗಿಸಿದರೆ
ಐನೂರು ಮನೆಗಳ ಕೊಡ ತುಂಬುತ್ತವೆ.
ಇಪ್ಪತ್ತೆರಡು ವರ್ಷ.
ಎಡಕ್ಕೆ ಹದಿನಾಲ್ಕು ಸುತ್ತು, ಬಲಕ್ಕೆ ಹದಿನಾಲ್ಕು.
ಮಂಡ್ಲಿಯ ಪಂಪು ತಳ್ಳುತ್ತದೆ, ತುಂಗೆ ಏರುತ್ತಾಳೆ;
ಏರಿದವಳು ಜಾರದ ಹಾಗೆ ನಡುವೆ
ಒಂದೇ ಕಡೆಗೆ ತೆರೆಯುವ ಬಾಗಿಲು.
ನಮ್ಮವರು ಅದನ್ನು ಎನ್ನಾರ್ವಿ ಅಂತಾರೆ. ಅದು ಸೋತರೆ
ಕರೆಂಟು ಹೋದ ಕ್ಷಣ ನೀರೆಲ್ಲ ದಡದಡ ವಾಪಸು.

ಕಬ್ಬಿಣದ ಸರಳಿನ ಒಂದು ತುದಿ ನೆಲಕ್ಕೆ, ಒಂದು ಕಿವಿಗೆ:
ರಸ್ತೆಯಡಿಯ ಸೋರಿಕೆ ಕೇಳಬಲ್ಲೆ.
ಡಾಂಬರು ಬೆವರಿದಾಗಲೇ ಅಗೆಯಿರಿ ಎನ್ನುತ್ತೇನೆ;
ರಸ್ತೆ ಬಾಯಿಬಿಟ್ಟ ಮೇಲೆ ಯಾರಿಗೆ ಗೊತ್ತಾಗಲ್ಲ?

ಮನೆಯಲ್ಲಿ ಮಾತ್ರ ಕಿವುಡ.

ದಾಕ್ಷಾಯಿಣಿ ಗಾಂಧಿ ಬಜಾರಿನ ಸೀರೆ ಅಂಗಡಿಯಲ್ಲಿ
ಹತ್ತು ತಾಸು ನಿಲ್ಲುತ್ತಾಳೆ.
ಗಿರಾಕಿ ಕೂರುತ್ತಾರೆ, ಯಜಮಾನರು ಕೂರುತ್ತಾರೆ,
ಮಡಚಿಟ್ಟ ಸೀರೆಗಳೂ ಕೂತೇ ಇರುತ್ತವೆ.
"ಈ ಅಂಚು ನೋಡಿ" ಎಂದು ಊರಿಗೆಲ್ಲ ಬಿಚ್ಚಿ ತೋರಿಸುವವಳು
ತನ್ನ ಸೀರೆಯಂಚನ್ನು ಹಿಮ್ಮಡಿಗಿಂತ ಮೇಲೆತ್ತಳು.

ಒಂದು ರಾತ್ರಿ ಸೊಳ್ಳೆಬತ್ತಿ ಹುಡುಕುತ್ತ ಮೊಬೈಲಿನ ಬೆಳಕು ಹಿಡಿದೆ.
ಅವಳ ಮೀನಖಂಡದ ಮೇಲೆ
ನೀಲಿ ನೀಲಿ, ಗಂಟುಗಂಟು,
ನಾನು ದಿನಾ ಜೇಬಿನಲ್ಲಿಟ್ಟು ತಿರುಗುವ
ವಾರ್ಡಿನ ಪೈಪ್‌ಲೈನ್ ನಕ್ಷೆ.
ಕಣಕಾಲ ಬಳಿ ಚರ್ಮ ಕಂದಿತ್ತು, ಕಾಫಿ ಚೆಲ್ಲಿದ ಹಾಗೆ.
"ಎಷ್ಟು ದಿನದಿಂದ?"
"ನಿಲ್ಲೋರಿಗೆಲ್ಲ ಇರೋದೇ. ಮಲಗು."

ಮೆಗ್ಗಾನ್‌ನಲ್ಲಿ ಚೀಟಿಗೊಂದು ಸಾಲು, ಬೆಂಚಿಗೊಂದು ಸಾಲು.
ಡಾಕ್ಟರು ಎಳೆಯ ಹುಡುಗಿ. ಚೀಟಿಯ ಬೆನ್ನಿಗೆ ಒಂದು ಕಾಲು ಬರೆದಳು,
ಕಾಲೊಳಗೆ ಏಣಿಯ ಮೆಟ್ಟಿಲಂತೆ ಪುಟ್ಟ ಪುಟ್ಟ ಕವಾಟ.
"ರಕ್ತ ಇಲ್ಲಿಂದ ಹೃದಯಕ್ಕೆ ಏರಬೇಕಮ್ಮಾ.
ಇವು ಸಡಿಲಾದ್ರೆ ಕೆಳಗೇ ಇಳಿದು ನಿಲ್ಲುತ್ತೆ."
"ಎನ್ನಾರ್ವಿ ಲೀಕು," ಎಂದೆ.
ಅವಳು ಪೆನ್ನೆತ್ತಿ ನನ್ನನ್ನು ನೋಡಿದಳು.
"ಹಾಗಾದ್ರೆ ಪಂಪು ಯಾವುದು?"
"ಮೀನಖಂಡ. ನಡೆದಾಗ ಹಿಂಡಿ ಮೇಲೆ ತಳ್ಳುತ್ತೆ.
ನಿಂತೇ ಇದ್ರೆ ಪಂಪು ಬಂದ್."
ಆಮೇಲೆ ಅಂದಳು, "ಹುಣ್ಣಾಗೋ ಮುಂಚೆ ಬಂದ್ರಿ, ಬೇಗ ಬಂದ್ರಿ."
ಆ 'ಬೇಗ'ಕ್ಕೆ ನಾನು ನೆಲ ನೋಡಿದೆ.

"ಜೊತೆಗೆ ಬಂದವರೂ ಕೂತ್ಕೊಳ್ಳಿ."
ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದಳು.
ಗೇಜು ಓದುವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ನೂರಾ ಎಪ್ಪತ್ತು.
ಆ ಒತ್ತಡಕ್ಕೆ ಹಳೇ ಲೈನು ತಡೆಯುವುದಿಲ್ಲ.

ಫಕೀರಪ್ಪ ನೆನಪಾದ.
ಟ್ಯಾಂಕಿನ ಮೆಟ್ಟಿಲಲ್ಲಿ ಎದೆ ನೀವಿಕೊಂಡು
"ಗ್ಯಾಸು ಕಣೋ" ಎಂದು ಗೋಲಿಸೋಡ ತರಿಸಿದವನು.
ಅರ್ಧ ಬಾಟಲಿ ಹಾಗೇ ಉಳಿದಿತ್ತು.

ಈಗ ನಾನು ಡ್ಯೂಟಿ ಮುಗಿಸಿ ಬರುವ ತನಕ ಅವಳು ಏಳುವಂತಿಲ್ಲ.
ಬಿಗಿ ಕಾಲುಚೀಲ ನಾನೇ ಏರಿಸಬೇಕು, ಬೆರಳಿನಿಂದ ಮೊಳಕಾಲಿಗೆ;
ಒಡೆದ ಪೈಪಿಗೆ ರಬ್ಬರು ಸುತ್ತಿದ ಹಾಗೆ ಎಂದರೆ ಒದೆಯುತ್ತಾಳೆ.
ಅಂಗಡಿಯಲ್ಲಿ ಸ್ಟೂಲು ಕೇಳಿದಳು. ಯಜಮಾನರು ಮೊದಲು ನಕ್ಕರು.
ತಿಂಗಳಾದ ಮೇಲೆ ಕೊಟ್ಟರು, ಒಂದು ಕಾಲು ಗಿಡ್ಡ.
ಐದು ಜನ ಅದಕ್ಕೆ ಪಾಳಿ ಹಾಕುತ್ತಾರೆ.
ಗಿರಾಕಿ ಇಲ್ಲದ ಮಧ್ಯಾಹ್ನ ರೇಷ್ಮೆಯ ಕಪಾಟಿನ ಮುಂದೆ
ಐವರೂ ಹಿಮ್ಮಡಿ ಎತ್ತುತ್ತಾರೆ, ಇಳಿಸುತ್ತಾರೆ.

ನನ್ನ ತಟ್ಟೆಯಿಂದ ಅಪ್ಪೆಮಿಡಿ ಮಾಯ.
ಭರಣಿ ಎಲ್ಲಿದೆ ಅಂತ ಮೂಗಿಗೆ ಗೊತ್ತು.
ಬೀಡಿ ಬಿಟ್ಟೆ ಎಂದಿದ್ದೇನೆ. ಹೆಚ್ಚು ಕಮ್ಮಿ ಬಿಟ್ಟಿದ್ದೇನೆ.
ಗುಳಿಗೆ ಮಾತ್ರ ತಪ್ಪಿಸಿಲ್ಲ, ಕೀಲಿಗೊಂಚಲಿಗೇ ಕಟ್ಟಿದ್ದೇನೆ.

ರಾತ್ರಿ ಅವಳ ಪಾದ ಎರಡು ದಿಂಬಿನ ಮೇಲೆ.
ನಿನ್ನೆ ಹೀಗೇ ಮಲಗಿದ್ದವಳು ಎದ್ದುಹೋಗಿ
ಬಾಗಿಲ ಹಿಂದಿನ ಸರಳು ತಂದಳು.
ಒಂದು ತುದಿ ನನ್ನೆದೆಗೆ. ಕಬ್ಬಿಣ ತಣ್ಣಗಿತ್ತು.
ಇನ್ನೊಂದಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು.
"ಸೋರ್ತಿದೆಯಾ?" ಎಂದೆ.
"ಸುಮ್ನಿರು. ಮಾತಾಡಿದ್ರೆ ಕೇಳಲ್ಲ."